ಲಾಯದ ಗಾಳಿ, ಲಾಯದ ಗೋಡೆ

ಕುದುರೆ ಬಾಯಿಂದ ಉಸಿರಾಡುವುದಿಲ್ಲ. ಅದರ ಗಂಟಲಿನ ರಚನೆಯೇ ಹಾಗಿದೆ, ಒಳಗೆ ಹೋಗುವ ಗಾಳಿಯೆಲ್ಲ ಮೂಗಿನ ಹೊಳ್ಳೆಗಳಿಂದಲೇ ಹೋಗಬೇಕು. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರೆಳೆಯುತ್ತದೆ, ಒಂದೊಂದು ಸಲಕ್ಕೆ ಸುಮಾರು 5 ಲೀಟರ್ ಗಾಳಿ. ದಿನದ ಸರಾಸರಿ ಲೆಕ್ಕ ಹಾಕಿದರೆ 80 ಸಾವಿರ ಲೀಟರ್ ದಾಟುತ್ತದೆ. ನಾಗಾಲೋಟದಲ್ಲಿ ಒಂದೇ ನಿಮಿಷಕ್ಕೆ ಸಾವಿರದ ಐನೂರು ಲೀಟರ್‌ವರೆಗೂ ಹೋಗುತ್ತದೆ. ಇಷ್ಟು ಗಾಳಿ ಎಳೆಯುವ ಪ್ರಾಣಿಯನ್ನು ನಾವು ದಿನದ ಇಪ್ಪತ್ತು ಗಂಟೆ ಹನ್ನೆರಡು ಅಡಿ ಚೌಕದ ಕೋಣೆಯಲ್ಲಿ, ಅದರದೇ ಲದ್ದಿ, ಮೂತ್ರ, ಒಣಹುಲ್ಲಿನ ನಡುವೆ ನಿಲ್ಲಿಸುತ್ತೇವೆ. ಲಾಯದ ಶುಚಿತ್ವ ಅಂದರೆ ಮೊದಲು ಈ ಗಾಳಿಯ ಶುಚಿತ್ವ. ನೆಲ, ಗೋಡೆ, ಬಕೆಟ್ಟುಗಳ ಸರದಿ ಆಮೇಲೆ.

ಬಹುತೇಕ ಲಾಯಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಬೆಳಿಗ್ಗೆ ಜೋರಾಗಿ ಗುಡಿಸುತ್ತಾರೆ, ನೀರು ಹೊಯ್ಯುತ್ತಾರೆ, ಫಿನಾಯಿಲ್ ಹಾಕುತ್ತಾರೆ. ನಿಂತ ಮನುಷ್ಯನ ಕಣ್ಣಿಗೂ ಮೂಗಿಗೂ ಎಲ್ಲ ಚೊಕ್ಕಟವಾಗಿರುತ್ತದೆ. ಕುದುರೆಯ ಮೂಗು ಮಾತ್ರ ಮೇವು ತಿನ್ನುವಾಗ, ಮಲಗಿದಾಗ ಮೊಣಕಾಲಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಪರೀಕ್ಷೆ ಮಾಡಬೇಕಾದದ್ದು ಆ ಮಟ್ಟದಲ್ಲಿ.

ಸುಮಾರು 450 ಕೆ.ಜಿ. ತೂಗುವ ಕುದುರೆ ದಿನಕ್ಕೆ 15ರಿಂದ 20 ಕೆ.ಜಿ. ಲದ್ದಿ ಹಾಕುತ್ತದೆ, ಹತ್ತು ಲೀಟರ್ ಆಸುಪಾಸು ಮೂತ್ರ ಮಾಡುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಲದ್ದಿಯಲ್ಲೂ ನೆಲದಲ್ಲೂ ಇರುವ ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಮೂಗು, ಶ್ವಾಸನಾಳದ ಒಳಗೋಡೆಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿವೆ. ಒಳಗೆ ಬಂದ ದೂಳು, ರೋಗಾಣುಗಳನ್ನು ಲೋಳೆಯ ಸಮೇತ ಹೊರಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ ಆ ಎಳೆಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಒಳಪದರವನ್ನು ಕೆರಳಿಸುತ್ತದೆ. ಆಮೇಲೆ ಬರುವ ಸೋಂಕಿಗೆ ಬಾಗಿಲು ತೆರೆದಂತೆಯೇ. ಲಾಯದ ಗಾಳಿಯಲ್ಲಿ ಅಮೋನಿಯಾ ಹತ್ತು ಪಿಪಿಎಂ ದಾಟಬಾರದು ಎಂಬುದು ಸಾಮಾನ್ಯ ಸಲಹೆ. ಅಳೆಯುವ ಸಾಧನ ಇಲ್ಲದಿದ್ದರೂ ಒಂದು ಪರೀಕ್ಷೆ ಎಲ್ಲರಿಗೂ ಸಾಧ್ಯ. ಬೆಳಗಿನ ಜಾವ, ಬಾಗಿಲು ತೆರೆಯುತ್ತಿದ್ದ ಹಾಗೆ ಒಳಗೆ ಹೋಗಿ, ಕುದುರೆಯನ್ನು ಹೊರಗೆ ಕಳಿಸಿ, ಅದು ಮಲಗುವ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು ನೆಲದಿಂದ ಒಂದಡಿ ಎತ್ತರದಲ್ಲಿ ಉಸಿರಾಡಿ ನೋಡಿ. ಘಾಟು ತಟ್ಟಿದರೆ ಸಾಕು, ಆಗಲೇ ಸರಿಪಡಿಸುವ ಕಾಲ ಬಂದಿದೆ ಎಂದರ್ಥ. ಕಣ್ಣು ಉರಿದರೆ ಮಿತಿ ಯಾವಾಗಲೋ ಮೀರಿದೆ. ಈ ಪರೀಕ್ಷೆಯನ್ನು ಹೊರಗಿನಿಂದ ಬಂದವರ ಕೈಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಇಡೀ ದಿನ ಲಾಯದಲ್ಲಿದ್ದು ಕುದುರೆ ನೋಡಿಕೊಳ್ಳುವ ಸೈಸ್‌ನ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ.

ಮರಿ ಇರುವ ಲಾಯದಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಎಳೆಮರಿ ದಿನದ ಎಷ್ಟೋ ಹೊತ್ತು ಮಲಗಿರುತ್ತದೆ, ಮೂಗು ಹಾಸಿಗೆಗೆ ತಾಗಿಕೊಂಡೇ ಇರುತ್ತದೆ. ಮೇಲೆ ಹುಲ್ಲು ಒಣಗಿ ಹೊಳೆಯುತ್ತಿದ್ದು ಅಡಿಯಲ್ಲಿ ವಾರಗಟ್ಟಲೆ ಮೂತ್ರ ಹೀರಿದ ಪದರ ಉಳಿದಿದ್ದರೆ, ಮರಿಯ ಭಾರಕ್ಕೆ ಮೇಲಿನ ಹುಲ್ಲು ಅದುಮಿ ಘಾಟು ಮೇಲೇಳುತ್ತದೆ. ಒದ್ದೆ ತೇಪೆಯನ್ನು ದಿನಾ ತೆಗೆಯಬೇಕು. ಅದರ ಕೆಳಗಿನ ನೆಲಕ್ಕೆ ಒಂದಿಷ್ಟು ಹೊತ್ತು ಗಾಳಿ ಆಡಬೇಕು. ಆಮೇಲೆ ಹೊಸ ಹಾಸು. ತೆಗೆದ ಜಾಗದ ಮೇಲೆ ತಕ್ಷಣ ಹೊಸ ಹುಲ್ಲು ಎಳೆದು ಮುಚ್ಚುವುದು ಕೆಲಸ ಬೇಗ ಮುಗಿಸುವ ದಾರಿ, ಅಷ್ಟೆ. ರಬ್ಬರ್ ಮ್ಯಾಟ್ ಹಾಸಿದವರು ಅದನ್ನು ಆಗಾಗ ಎತ್ತಿ ನೋಡಬೇಕು, ಮೂತ್ರ ಕೆಳಗೆ ಸೇರಿಕೊಂಡು ಅಲ್ಲೇ ಕೊಳೆಯುತ್ತಿರುತ್ತದೆ.

ಎರಡನೆಯ ಶತ್ರು ದೂಳು. ಇದರ ದೊಡ್ಡ ಮೂಲ ರಸ್ತೆಯಲ್ಲ, ಮೇವು. ಬೆಳಗಿನ ಎಳೆಬಿಸಿಲಿನ ಕೋಲು ಲಾಯದೊಳಗೆ ಬೀಳುವ ಹೊತ್ತಿನಲ್ಲಿ ಒಣಹುಲ್ಲಿನ ಒಂದು ಹಿಡಿ ಕೈಲಿ ಹಿಡಿದು ಕೊಡವಿ ನೋಡಿ. ಬಿಸಿಲಿನಲ್ಲಿ ಕಣಗಳು ಎದ್ದು ತೇಲುತ್ತವೆ. ದಪ್ಪ ಕಣಗಳು ಬೇಗ ಇಳಿದುಬಿಡುತ್ತವೆ, ಹೊಗೆಯಂಥ ನಸುಮಬ್ಬು ಮಾತ್ರ ಎಷ್ಟೋ ಹೊತ್ತು ನಿಂತೇ ಇರುತ್ತದೆ. ಕೆಡುಕು ಇರುವುದು ಆ ಮಬ್ಬಿನಲ್ಲಿ. ಐದು ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಬೂಷ್ಟಿನ ಬೀಜಕಣಗಳು, ಅದರಲ್ಲೂ ಆಸ್ಪರ್ಜಿಲಸ್ ಜಾತಿಯವು, ಸತ್ತ ಬ್ಯಾಕ್ಟೀರಿಯಾದ ಚೂರುಗಳು, ಹುಲ್ಲಿನ ಹುಳಗಳ ಹಿಕ್ಕೆ ಎಲ್ಲ ಆ ಮಬ್ಬಿನಲ್ಲಿರುತ್ತವೆ. ಇವಕ್ಕೆ ಒಗ್ಗದ ಕುದುರೆಗೆ ಉಬ್ಬಸ ಹತ್ತುತ್ತದೆ. ಪಶುವೈದ್ಯರು ಈಗ ಇದನ್ನು ಕುದುರೆಯ ಅಸ್ತಮಾ ಎಂದೇ ಕರೆಯುತ್ತಾರೆ. ಮೊದಲ ಲಕ್ಷಣ ತೀರ ಸಣ್ಣದು, ಸವಾರಿ ಶುರುವಾದಾಗ ಎರಡು ಮೂರು ಸಲ ಕೆಮ್ಮು, ಮೇವು ತಿನ್ನುವಾಗ ಒಂದೆರಡು ಸಲ. ಇದನ್ನು ಗಂಟಲು ಸರಿಮಾಡಿಕೊಳ್ಳುತ್ತಿದೆ ಎಂದು ಬಿಟ್ಟರೆ ಮುಂದೆ ನಿಂತಲ್ಲೇ ಹೊಳ್ಳೆ ಅರಳಿಸಿ ಉಸಿರಾಡುತ್ತದೆ, ಉಸಿರು ಬಿಡಲು ಹೊಟ್ಟೆ ಒತ್ತಿ ಒತ್ತಿ ಪಕ್ಕೆಯ ಕೆಳಗೆ ಸ್ನಾಯುವಿನ ಗೆರೆಯೇ ಮೂಡುತ್ತದೆ. ಔಷಧ ಕೊಟ್ಟರೆ ತಾತ್ಕಾಲಿಕ ಆರಾಮ ಸಿಗುತ್ತದೆ. ಮೇವಿನ ದೂಳು ತೆಗೆಯದೆ ಕೊಟ್ಟ ಔಷಧಕ್ಕೆ ಹಾಕಿದ ದುಡ್ಡು ಹೆಚ್ಚುಕಡಿಮೆ ದಂಡ.

ಹುಲ್ಲು ಕೊಳ್ಳುವಾಗಲೇ ಈ ಜಗಳ ಅರ್ಧ ತೀರುತ್ತದೆ. ಸರಿಯಾಗಿ ಒಣಗಿದ ಹುಲ್ಲಿನಲ್ಲಿ ತೇವ ಶೇ. 15ರ ಆಸುಪಾಸು ಇರಬೇಕು. ಶೇ. 20 ದಾಟಿದ ಹುಲ್ಲನ್ನು ಕಟ್ಟು ಕಟ್ಟಿಟ್ಟರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಕಟ್ಟಿನ ನಡುವೆ ಕೈ ತೂರಿಸಿ ನೋಡಿ, ಬೆಚ್ಚಗಿದ್ದರೆ ಬೇಡ. ಬಿಚ್ಚಿದಾಗ ಬೂದಿಬಣ್ಣದ ಪುಡಿ ಹಾರಿದರೆ ಬೇಡ. ದನಕ್ಕೆ ಹಾಕಬಹುದಲ್ಲ ಎಂದು ಉಳಿಸಿಕೊಳ್ಳುವುದೂ ಬೇಡ. ನಮ್ಮ ಮುಂಗಾರಿನಲ್ಲಿ ಭತ್ತದ ಹುಲ್ಲು ನೆಲದ ಮೇಲೆ ನೇರವಾಗಿ ಒಟ್ಟಿದ್ದರೆ ಅಡಿಯ ಸಾಲು ಹಾಳಾಗುವುದು ಗ್ಯಾರಂಟಿ. ಮರದ ಹಲಗೆಯನ್ನೋ ಕಲ್ಲನ್ನೋ ಇಟ್ಟು ಅದರ ಮೇಲೆ ಒಟ್ಟಬೇಕು. ಲಾಯದ ಅಟ್ಟದ ಮೇಲೆ ಹುಲ್ಲು ತುಂಬುವ ಹಳೆಯ ರೂಢಿ ಅನುಕೂಲವೇನೋ ಹೌದು, ಆದರೆ ಪ್ರತಿ ಸಲ ಕೆಳಗೆ ತಳ್ಳುವಾಗ ದೂಳೆಲ್ಲ ಕುದುರೆಗಳ ತಲೆ ಮೇಲೇ ಸುರಿಯುತ್ತದೆ. ಬೆಂಕಿಯ ಭಯ ಬೇರೆ. ಹುಲ್ಲಿಗೆ ಬೇರೆ ಕೊಟ್ಟಿಗೆ ಇರಲಿ.

ಎಷ್ಟೇ ಒಳ್ಳೆಯ ಹುಲ್ಲಾದರೂ ಒಣಗಿದ್ದರೆ ದೂಳಿರುತ್ತದೆ. ಹಾಕುವ ಮುಂಚೆ ಹತ್ತರಿಂದ ಮೂವತ್ತು ನಿಮಿಷ ನೀರಿನಲ್ಲಿ ಮುಳುಗಿಸಿ ತೆಗೆದರೆ ಹಾರುವ ಕಣಗಳ ಬಹುಪಾಲು ಕೂತುಬಿಡುತ್ತದೆ. ಮೇಲೆ ನೀರು ಚಿಮುಕಿಸುವುದು ಸಾಲದು, ನಡುವಿನ ಹುಲ್ಲು ಒಣಗಿಯೇ ಇರುತ್ತದೆ. ಗಂಟೆಗಟ್ಟಲೆ ನೆನೆಹಾಕುವುದೂ ಬೇಡ, ಪೋಷಕಾಂಶ ನೀರಿಗೆ ಹೋಗುತ್ತದೆ, ಸೆಕೆಗೆ ಹುಳಿಯುತ್ತದೆ. ನೆನೆಸಿದ ನೀರನ್ನು ಪ್ರತಿ ಸಲ ಚೆಲ್ಲಬೇಕು, ತಿನ್ನದೆ ಉಳಿದ ಒದ್ದೆ ಹುಲ್ಲನ್ನು ಮುಂದಿನ ಮೇವಿನ ಹೊತ್ತಿನೊಳಗೆ ತೆಗೆದುಹಾಕಬೇಕು. ಹಸಿರು ಮೇವು, ಕುದುರೆ ಮಸಾಲೆ ಸೊಪ್ಪು ಸಿಗುವ ಕಾಲದಲ್ಲಿ ಅದರ ಪಾಲು ಹೆಚ್ಚಿಸಿದರೆ ದೂಳಿನ ತಾಪತ್ರಯ ತಾನಾಗಿ ತಗ್ಗುತ್ತದೆ. ಮೇವನ್ನು ಎತ್ತರದ ಬಲೆಯಲ್ಲಿ ತೂಗುಹಾಕುವುದಕ್ಕಿಂತ ತಗ್ಗಿನಲ್ಲಿ ಇಡುವುದು ಒಳ್ಳೆಯದು. ಬಲೆಯಿಂದ ಎಳೆದು ತಿನ್ನುವಾಗ ಉದುರುವ ದೂಳು ನೇರ ಹೊಳ್ಳೆಗೆ ಬೀಳುತ್ತದೆ. ಕುದುರೆ ಹುಟ್ಟಾ ತಲೆ ತಗ್ಗಿಸಿ ಮೇಯುವ ಪ್ರಾಣಿ, ತಲೆ ತಗ್ಗಿಸಿದಾಗಲೇ ಅದರ ಶ್ವಾಸನಾಳದ ಲೋಳೆ ಹೊರಕ್ಕೆ ಇಳಿದುಬರುವುದು. ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದುಗಳ ನಡುವೆ ರೇಸ್ ಕುದುರೆಗಳನ್ನು ಲಾರಿಯಲ್ಲಿ ಸಾಗಿಸುವಾಗ ತಲೆ ಎತ್ತಿ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸಿದಾಗ ಪ್ರಯಾಣದ ಜ್ವರ, ಶ್ವಾಸಕೋಶದ ಉರಿಯೂತ ಬರಲು ಮುಖ್ಯ ಕಾರಣ ಲೋಳೆ ಹೀಗೆ ಇಳಿಯದಿರುವುದೇ. ದಾರಿಯಲ್ಲಿ ಆಗಾಗ ನಿಲ್ಲಿಸಿ ಹಗ್ಗ ಸಡಿಲಿಸಿ ತಲೆ ತಗ್ಗಿಸಲು ಬಿಡಬೇಕು.

ಗುಡಿಸುವ ಹೊತ್ತಿನಲ್ಲಿ ಕುದುರೆ ಒಳಗಿರಬಾರದು. ಹಾಸು ಎತ್ತಿ ಕೊಡವುವ ಆ ಅರ್ಧ ಗಂಟೆಯಲ್ಲಿ ಏಳುವ ದೂಳು ದಿನದ ಬೇರೆ ಯಾವ ಹೊತ್ತಿನಲ್ಲೂ ಏಳುವುದಿಲ್ಲ. ವ್ಯಾಯಾಮಕ್ಕೆ ಕರೆದುಕೊಂಡು ಹೋದಾಗ ಶುಚಿ ಮಾಡಿ, ದೂಳು ಇಳಿದ ಮೇಲೆ ಒಳಗೆ ತನ್ನಿ. ಓಣಿಗೆ ನೀರು ಚಿಮುಕಿಸಿ ಗುಡಿಸಿ. ಹಾಗೇ ಪೊರಕೆ ಹಿಡಿದವರ ಮೂಗು ಬಾಯಿಗೆ ಮಾಸ್ಕ್ ಕೊಡಿ. ಕುದುರೆಯ ಕೆಮ್ಮಿಗೆ ಡಾಕ್ಟರನ್ನು ಕರೆಸುವ ಮಾಲೀಕರು ವರ್ಷಾನುಗಟ್ಟಲೆ ಅದೇ ಗಾಳಿ ಕುಡಿದ ಸೈಸ್‌ನ ಕೆಮ್ಮನ್ನು ಬೀಡಿಯ ಲೆಕ್ಕಕ್ಕೆ ಬರೆದುಬಿಡುವುದು ಅನ್ಯಾಯ. ಎಷ್ಟೋ ಕಡೆ ಅವರ ವಾಸವೂ ಲಾಯಕ್ಕೆ ತಾಗಿದ ಕೋಣೆಯಲ್ಲೇ.

ಇನ್ನು ಗಾಳಿಯಾಡುವ ಮಾತು. ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಇಲ್ಲಿದೆ. ಮಳೆ ಬಂತು, ಥಂಡಿಯಾಯಿತು ಎಂದು ಲಾಯದ ಸುತ್ತ ಟಾರ್ಪಾಲು ಬಿಗಿಯುತ್ತಾರೆ. ನಮಗೆ ಚಳಿ ಎನಿಸುವ 15 ಡಿಗ್ರಿ ಸೆಲ್ಸಿಯಸ್ ಆರೋಗ್ಯವಂತ ಕುದುರೆಗೆ ಹಿತವಾದ ಹವೆ. ಅದಕ್ಕೆ ಬೇಡವಾದದ್ದು ಮೈ ತೋಯಿಸುವ ಮಳೆಯ ಎರಚಲು. ಮುಚ್ಚಿದ ಲಾಯದಲ್ಲಿ ಉಸಿರಿನ ತೇವ ತಗಡಿಗೆ ತಾಗಿ ಹನಿಯುತ್ತದೆ, ಹಾಸು ಒದ್ದೆಯಾಗುತ್ತದೆ, ಅಮೋನಿಯಾ, ಬೂಷ್ಟು ಎರಡೂ ಏರುತ್ತವೆ. ಬೆಳಿಗ್ಗೆ ತಗಡಿನ ಒಳಮೈಯಲ್ಲಿ ನೀರ ಹನಿ ಕಂಡರೆ ಅಥವಾ ಮೂಲೆಯ ಜೇಡರಬಲೆಗಳು ದೂಳು ಕಟ್ಟಿ ಜೋತಿದ್ದರೆ ಆ ಲಾಯಕ್ಕೆ ಗಾಳಿ ಸಾಲುತ್ತಿಲ್ಲ.

ಗಾಳಿ ಓಡಾಡುವ ಸೂತ್ರ ಸರಳ. ಕುದುರೆಯ ಮೈಬಿಸಿಗೆ ಬೆಚ್ಚಗಾದ ಗಾಳಿ ಮೇಲೇರುತ್ತದೆ. ಮಾಡಿನ ನೆತ್ತಿಯಲ್ಲಿ ಅದಕ್ಕೆ ದಾರಿ ಇದ್ದರೆ ಹೊರಗೆ ಹೋಗುತ್ತದೆ, ಹೋದಷ್ಟೂ ಸೂರಿನ ಕೆಳಗಿನ ಕಿಂಡಿಗಳಿಂದ ಹೊಸ ಗಾಳಿ ಒಳಬರುತ್ತದೆ. ಗಂಟೆಗೆ ನಾಲ್ಕರಿಂದ ಎಂಟು ಸಲ ಲಾಯದ ಗಾಳಿಯೆಲ್ಲ ಬದಲಾಗಬೇಕು. ಅದಕ್ಕೆ ಪ್ರತಿ ಕುದುರೆಯ ಕೋಣೆಗೆ ಕಡೇಪಕ್ಷ ಒಂದು ಚದರ ಅಡಿಯಷ್ಟು, ಎಂದೂ ಮುಚ್ಚದ ಕಿಂಡಿ ಬೇಕೆಂದು ಲಾಯ ಕಟ್ಟುವ ಎಂಜಿನಿಯರುಗಳು ಹೇಳುತ್ತಾರೆ. ಅದು ಚಳಿನಾಡಿನ ಕನಿಷ್ಠ ಲೆಕ್ಕ. ನಮ್ಮ ಬೇಸಿಗೆಗೆ ಎರಡು ಎದುರುಬದುರು ಗೋಡೆಗಳ ಮೇಲರ್ಧ ಪೂರ್ತಿ ತೆರೆದಿದ್ದರೂ ಹೆಚ್ಚಲ್ಲ. ಮೈಸೂರಿನ ಟಾಂಗಾ ಓಡಿಸುವವರ ಮನೆಪಕ್ಕದ ತಗಡಿನ ಶೆಡ್ಡಿಗೂ ಇದೇ ಸೂತ್ರ. ನೆತ್ತಿಯ ತಗಡನ್ನು ಎರಡು ಅಡ್ಡಪಟ್ಟಿಯ ಮೇಲೆ ಅರ್ಧ ಅಡಿ ಎತ್ತಿ ಕೂರಿಸಿದರೆ ಮಳೆ ಒಳಬರುವುದಿಲ್ಲ, ಬಿಸಿಗಾಳಿ ಹೊರಹೋಗುತ್ತದೆ. ಬಾಗಿಲಿನ ಕೆಳಭಾಗದ ಹಲಗೆಗಳ ನಡುವೆ ಸಂದು ಬಿಟ್ಟರೆ ಮಲಗಿದ ಕುದುರೆಯ ಮೂಗಿನವರೆಗೂ ಗಾಳಿ ತಲುಪುತ್ತದೆ. ಗೊರಸು ಸಿಕ್ಕಿಕೊಳ್ಳುವಷ್ಟು ಅಗಲ ಮಾತ್ರ ಬಿಡಬೇಡಿ.

ಫ್ಯಾನು ಹಾಕುವವರು ಎರಡು ವಿಷಯ ನೆನಪಿಡಲಿ. ಮನೆಬಳಕೆಯ ಫ್ಯಾನಿನ ತೆರೆದ ಮೋಟಾರಿಗೆ ದೂಳು, ಹುಲ್ಲಿನ ಎಸಳು ತುಂಬಿ ಬೆಂಕಿ ಹತ್ತಬಹುದು, ಮುಚ್ಚಿದ ಮೋಟಾರಿನದೇ ಬೇಕು. ಸಾಲು ಕೋಣೆಗಳ ಉದ್ದಕ್ಕೂ ಒಂದು ಕೊನೆಯಿಂದ ಬೀಸುವ ಫ್ಯಾನು ಮೊದಲ ಕುದುರೆಯ ಕೆಮ್ಮನ್ನು ಕೊನೆಯ ಕುದುರೆಗೆ ತಲುಪಿಸುತ್ತದೆ. ಪ್ರತಿ ಕೋಣೆಯ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು.

ಒಂದೇ ಗಾಳಿ ಹಂಚಿಕೊಂಡರೆ ಏನಾಗುತ್ತದೆ ಎಂಬುದನ್ನು 2021ರ ಫೆಬ್ರುವರಿಯಲ್ಲಿ ಸ್ಪೇನಿನ ವೇಲೆನ್ಸಿಯಾ ತೋರಿಸಿತು. ಜಿಗಿತದ ಸ್ಪರ್ಧೆಗೆ ಯುರೋಪಿನ ಹಲವು ದೇಶಗಳಿಂದ ಬಂದ ನೂರಾರು ಕುದುರೆಗಳು ದೊಡ್ಡ ದೊಡ್ಡ ಟೆಂಟಿನ ಲಾಯಗಳಲ್ಲಿದ್ದವು. ಹರ್ಪಿಸ್ ವೈರಸ್ ಹಬ್ಬಿತು, ಕೆಲವಕ್ಕೆ ನರಗಳಿಗೇ ಹೊಡೆದು ಹಿಂಗಾಲು ನಿಲ್ಲದಾದವು. ಸೋಂಕು ಮನೆಗೆ ಮರಳಿದ ಕುದುರೆಗಳ ಜತೆ ಬೇರೆ ದೇಶಗಳಿಗೂ ಹೋಯಿತು, ಒಟ್ಟು 18 ಕುದುರೆಗಳು ಸತ್ತವು. ಅದಕ್ಕೂ ಮುಂಚೆ, 2007ರ ಆಗಸ್ಟಿನಲ್ಲಿ, ಎಂದೂ ಕುದುರೆ ಫ್ಲೂ ಕಾಣದಿದ್ದ ಆಸ್ಟ್ರೇಲಿಯಾಕ್ಕೆ ಆ ರೋಗ ಕಾಲಿಟ್ಟಿತು. ಆಮದು ಕುದುರೆಗಳು ಸಿಡ್ನಿ ಬಳಿಯ ಕ್ವಾರಂಟೈನಿನಲ್ಲೇ ಇದ್ದವು. ವೈರಸ್ ಅಲ್ಲಿಂದ ಮನುಷ್ಯರ ಬಟ್ಟೆ, ಕೈ ಅಥವಾ ಸಲಕರಣೆಗಳ ಮೇಲೆ ಹೊರಬಂದಿರುವ ಸಂಭವವೇ ಹೆಚ್ಚು ಎಂದು ತನಿಖಾ ಆಯೋಗ ಹೇಳಿತು. ಭಾರತದಲ್ಲೂ ಇದೇ ಫ್ಲೂ 1987ರಲ್ಲಿ ಬಂದಿತ್ತು. 2008ರಲ್ಲಿ ಜಮ್ಮುವಿನ ಕತ್ರಾದಲ್ಲಿ ಮತ್ತೆ ಕಾಣಿಸಿಕೊಂಡು ಹಲವು ರಾಜ್ಯಗಳಿಗೆ ಹರಡಿತು. ಗಾಳಿಯ ಮೇಲೆ ಬರುವುದನ್ನು ತಡೆದು ಕೈಯ ಮೇಲೆ ಬರುವುದನ್ನು ಬಿಟ್ಟರೆ ಪ್ರಯೋಜನವಿಲ್ಲ.

ಯಾವ ರೋಗಾಣು ಎಲ್ಲಿ ಎಷ್ಟು ದಿನ ಬದುಕುತ್ತದೆ ಎಂದು ತಿಳಿದರೆ ಎಲ್ಲಿ ಹೆಚ್ಚು ಉಜ್ಜಬೇಕೆಂದು ತಿಳಿಯುತ್ತದೆ. ಗಂಟಲ ಗ್ರಂಥಿ ಊದಿ ಕೀವು ತುಂಬುವ ಸ್ಟ್ರ್ಯಾಂಗಲ್ಸ್ ರೋಗದ ಬ್ಯಾಕ್ಟೀರಿಯಾ ಬಿಸಿಲು ಬೀಳುವ ಒಣ ಬೇಲಿಯ ಮೇಲೆ ಒಂದೆರಡು ದಿನದಲ್ಲಿ ಸಾಯುತ್ತದೆ. ಅದೇ ನೀರಿನ ಬಾನಿಯಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಹಾಗಾಗಿ ಗೋಡೆಗಿಂತ ಬಕೆಟ್ಟು ಮುಖ್ಯ. ಫ್ಲೂ, ಹರ್ಪಿಸ್ ವೈರಸ್‌ಗಳ ಹೊರಪದರ ಕೊಬ್ಬಿನದು, ಸಾಬೂನಿಗೇ ಸೋಲುತ್ತವೆ. ಮರಿಗಳಿಗೆ ಭೇದಿ ತರುವ ರೋಟಾ ವೈರಸ್‌ಗೆ ಆ ಪದರ ಇಲ್ಲ, ಅದು ಹಟಮಾರಿ. ಹುಳುಕಡ್ಡಿಯ ಬೀಜಕಣಗಳು ಮರದ ಸಂದಿನಲ್ಲಿ, ಮೈ ಉಜ್ಜುವ ಬ್ರಷ್ಷಿನಲ್ಲಿ ತಿಂಗಳುಗಟ್ಟಲೆ ಕಾಯುತ್ತವೆ.

ನೀರು ತುಂಬುವ ರೀತಿಯನ್ನು ಒಮ್ಮೆ ಗಮನಿಸಿ. ಪೈಪು ಹಿಡಿದವರು ಮೊದಲ ಬಕೆಟ್ಟಿನೊಳಗೆ ಅದರ ತುದಿ ಇಳಿಬಿಡುತ್ತಾರೆ, ತುಂಬಿದ ಮೇಲೆ ಅದೇ ತುದಿ ಎರಡನೆಯದಕ್ಕೆ, ಮೂರನೆಯದಕ್ಕೆ. ಮೊದಲ ಕುದುರೆಯ ಸಿಂಬಳ ಹತ್ತನೆಯ ಕುದುರೆಯ ಬಾಯಿಗೆ ತಲುಪಲು ಇಷ್ಟು ಸಾಕು. ತುದಿ ನೀರಿಗೆ ತಾಗದಂತೆ ಮೇಲಿನಿಂದ ಬಿಡಬೇಕು. ಮೂಗು ಒರೆಸುವ ಒಂದೇ ಸ್ಪಂಜು, ಎಲ್ಲಕ್ಕೂ ಒಂದೇ ಕಡಿವಾಣ, ಒಂದೇ ಥರ್ಮಾಮೀಟರ್ ಕೂಡ ಇದೇ ಕೆಲಸ ಮಾಡುತ್ತವೆ. ಕುದುರೆಗೊಂದು ಬಣ್ಣದ ಟೇಪು ಸುತ್ತಿ ಬಕೆಟ್ಟು, ಬ್ರಷ್ಷು, ಹಗ್ಗ ಬೇರೆ ಮಾಡಿಡುವುದಕ್ಕೆ ಖರ್ಚೂ ಇಲ್ಲ.

ರೋಗ ಬಂದುಹೋದ ಕೋಣೆಯನ್ನು ಶುದ್ಧ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಹಾಸೆಲ್ಲ ಹೊರಗೆ, ಲದ್ದಿಯ ಚೂರೂ ಉಳಿಯಬಾರದು. ಗೋದಲಿಯ ಮೂಲೆಗೆ ಅಂಟಿದ ಹಳೆಯ ಹುರುಳಿ, ಬೂಸದ ಗಟ್ಟಿ ಪದರವನ್ನು ಕೆರೆದು ತೆಗೆಯಬೇಕು. ಆಮೇಲೆ ಸಾಬೂನಿನ ಪುಡಿ ಬೆರೆಸಿದ ನೀರಿನಲ್ಲಿ, ಮೇಲಿನಿಂದ ಕೆಳಕ್ಕೆ, ಬ್ರಷ್ಷಿನಿಂದ ತಿಕ್ಕಬೇಕು. ಕೊಳಕಿನಲ್ಲಿರುವ ರೋಗಾಣುಗಳಲ್ಲಿ ಹೆಚ್ಚಿನವು ಹೋಗುವುದು ಈ ತಿಕ್ಕುವಿಕೆಯಲ್ಲೇ. ತಿಕ್ಕಿದ್ದನ್ನು ತೊಳೆದು ಒಣಗಲು ಬಿಡಬೇಕು. ಒದ್ದೆ ಗೋಡೆಗೆ ಔಷಧ ಹೊಡೆದರೆ ಅದು ಇನ್ನಷ್ಟು ತೆಳುವಾಗುತ್ತದೆ. ಒಣಗಿದ ಮೇಲೆ ಸೋಂಕುನಾಶಕ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷ, ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಬಕೆಟ್ಟು, ಗೋದಲಿಗಳನ್ನು ಆಮೇಲೆ ಚೆನ್ನಾಗಿ ತೊಳೆಯಬೇಕು. ಒತ್ತಡದ ಪಂಪಿನಿಂದ ತೊಳೆಯುವುದು ನೋಡಲು ಜೋರು, ಆದರೆ ಅದು ರೋಗಾಣುವನ್ನು ತುಂತುರು ಮಾಡಿ ಪಕ್ಕದ ಕೋಣೆಗೆ ಹಾರಿಸುತ್ತದೆ. ಕುದುರೆಗಳು ಹತ್ತಿರ ಇರುವಾಗ ಬೇಡ.

ಬ್ಲೀಚ್ ಅಗ್ಗ, ಪರಿಣಾಮಕಾರಿ ಕೂಡ. ಶೇ. 5ರ ಸೋಡಿಯಂ ಹೈಪೋಕ್ಲೋರೈಟಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅಂದೇ ಬೆರೆಸಿ ಅಂದೇ ಬಳಸಬೇಕು. ಲದ್ದಿ, ಮಣ್ಣು ಸಿಕ್ಕಿದರೆ ಅದರ ಶಕ್ತಿ ಅಲ್ಲೇ ಕರಗಿಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮೂತ್ರ ಇಂಗಿದ ನೆಲಕ್ಕೆ ನೇರವಾಗಿ ಬ್ಲೀಚ್ ಸುರಿದರೆ ಅಮೋನಿಯಾ ಜತೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಲಾಯದಲ್ಲಿ ಅದು ಕುದುರೆಗೂ ಮನುಷ್ಯನಿಗೂ ಅಪಾಯ. ಆಮ್ಲದ ಜತೆಗೂ ಬೆರೆಸಕೂಡದು. ಫಿನಾಲ್ ಜಾತಿಯ ಔಷಧಗಳು ಒಂದಿಷ್ಟು ಕೊಳಕಿದ್ದರೂ ಕೆಲಸ ಮಾಡುತ್ತವೆ, ಮರಿಗಳ ರೋಟಾ ವೈರಸ್‌ಗೆ ವೈದ್ಯರು ಅವನ್ನೇ ಸೂಚಿಸುತ್ತಾರೆ. ಆದರೆ ಚರ್ಮ ಸುಡುತ್ತವೆ, ಬೆಕ್ಕಿಗೆ ವಿಷ. ಅಂಗಡಿಯ ಬಿಳಿ ಫಿನಾಯಿಲಿನ ಘಮ ನಮ್ಮ ಸಮಾಧಾನಕ್ಕೆ. ಅಮೋನಿಯಾದ ಘಾಟನ್ನು ಅದು ಮುಚ್ಚಿಡುತ್ತದೆ, ತೆಗೆಯುವುದಿಲ್ಲ. ಸುಣ್ಣ ಬಳಿಯುವ ನಮ್ಮ ಹಳೆಯ ರೂಢಿ ಒಳ್ಳೆಯದು, ತೀವ್ರ ಕ್ಷಾರಕ್ಕೆ ಬಹಳಷ್ಟು ರೋಗಾಣುಗಳು ಉಳಿಯುವುದಿಲ್ಲ, ಗೋಡೆಯ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ಸುಣ್ಣದ ಪುಡಿಯನ್ನು ಹಾಸಿನಡಿ ಎರಚುವುದು ಮಾತ್ರ ಬೇಡ, ಗೊರಸಿನ ಸಂದು, ಕಣ್ಣು, ಮೂಗು ಸುಡುತ್ತದೆ.

ಬರಿ ಮರವನ್ನು ಪೂರ್ತಿ ಶುದ್ಧ ಮಾಡಲಾಗುವುದಿಲ್ಲ, ಬಣ್ಣವನ್ನೋ ವಾರ್ನಿಷನ್ನೋ ಬಳಿದು ರಂಧ್ರ ಮುಚ್ಚಬೇಕು. ಮಣ್ಣಿನ ನೆಲಕ್ಕೆ ಸೋಂಕುನಾಶಕ ಹೊಯ್ಯುವುದು ವ್ಯರ್ಥ. ಮೇಲಿನ ನಾಲ್ಕೈದು ಅಂಗುಲ ಮಣ್ಣು ತೆಗೆದು ಹೊಸ ಮಣ್ಣು ತುಂಬಿ ದಮ್ಮಸು ಹಾಕುವುದೇ ದಾರಿ.

ಹೊಸದಾಗಿ ಬಂದ ಕುದುರೆಯನ್ನು ಎರಡರಿಂದ ಮೂರು ವಾರ ಬೇರೆಯೇ ಮಾಡಿನಡಿ ಕಟ್ಟಬೇಕು. ಅದಕ್ಕೆ ಬೇರೆ ಆಳು ಇದ್ದರೆ ಸರಿ, ಇಲ್ಲದಿದ್ದರೆ ದಿನದ ಕೆಲಸದಲ್ಲಿ ಅದರ ಸರದಿ ಕೊನೆಗೆ. ಮೊದಲು ಮರಿಗಳು, ತುಂಬು ಗಬ್ಬದ ಹೆಣ್ಣು ಕುದುರೆಗಳು, ಆಮೇಲೆ ಆರೋಗ್ಯವಂತವು, ಕೊನೆಗೆ ಹೊಸಬ ಮತ್ತು ರೋಗಿ. ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಡಿ. ದೊಡ್ಡ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಸ್ಟ್ರ್ಯಾಂಗಲ್ಸ್‌ನಲ್ಲಿ ಜ್ವರ ಬಂದ ಒಂದೆರಡು ದಿನ ಕಳೆದ ಮೇಲಷ್ಟೇ ಕುದುರೆ ರೋಗಾಣು ಹರಡಲು ಶುರುಮಾಡುತ್ತದೆ. ಜ್ವರ ಕಂಡ ದಿನವೇ ಬೇರೆ ಮಾಡಿದರೆ ಇಡೀ ಲಾಯ ಉಳಿಯುತ್ತದೆ. ಮೂಗಿನಿಂದ ಅಂಟಾದ ಕೀವು, ಕಾಲಿನ ಉದ್ದಕ್ಕೂ ಗಂಟು, ಹುಣ್ಣು ಕಂಡರೆ ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಅಂಟಿ ಜೀವಕ್ಕೆ ಎರವಾಗುವ ರೋಗ. ಮನೆಮದ್ದು ಮಾಡುತ್ತ ಕೂರದೆ ಸರ್ಕಾರಿ ಪಶುವೈದ್ಯರಿಗೆ ತಕ್ಷಣ ತಿಳಿಸಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಇದರ ರಕ್ತಪರೀಕ್ಷೆಗೆ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ.

ಮರಿ ಸಾಕುವ ಫಾರ್ಮುಗಳಲ್ಲಿ ಲಾಯದ ಹೊರಗಿನ ಅಂಗಳವೂ ಲಾಯದ ಲೆಕ್ಕಕ್ಕೇ ಸೇರಬೇಕು. ಆರು ತಿಂಗಳೊಳಗಿನ ಮರಿಗಳಿಗೆ ನ್ಯುಮೋನಿಯಾ ತರುವ ರೋಡೊಕಾಕಸ್ ಎಂಬ ಬ್ಯಾಕ್ಟೀರಿಯಾ ಲದ್ದಿ ಬಿದ್ದ ಮಣ್ಣಿನಲ್ಲಿ ಬೆಳೆದು ಒಣ ದೂಳಿನ ಜತೆ ಮೂಗು ಸೇರುತ್ತದೆ. ಬೇಸಿಗೆಯಲ್ಲಿ ಹುಲ್ಲು ಸತ್ತು ಬೋಳಾದ ಅಂಗಳದಲ್ಲಿ ತಾಯಿ ಮರಿಗಳನ್ನು ಗುಂಪು ಗುಂಪಾಗಿ ಬಿಡುವುದು ಅಪಾಯ. ಲದ್ದಿ ಹೆಕ್ಕಬೇಕು, ನೀರು ಹಾಯಿಸಿ ದೂಳು ಕೂರಿಸಬೇಕು, ಒಂದು ಅಂಗಳಕ್ಕೆ ಹುಲ್ಲು ಚಿಗುರುವವರೆಗೆ ಬಿಡುವು ಕೊಡಬೇಕು.

ಲದ್ದಿಯ ಗುಡ್ಡೆ ಲಾಯದಿಂದ ದೂರ, ಲಾಯ ದಾಟಿ ಗಾಳಿ ಬೀಸಿಹೋಗುವ ಕಡೆಗೆ ಇರಲಿ. ಹತ್ತಿರವಿದ್ದರೆ ಕಚ್ಚುವ ನೊಣಗಳ ಸಂತತಿ ಅಲ್ಲೇ ಬೆಳೆದು ಅಲ್ಲೇ ಕಚ್ಚುತ್ತದೆ. ಸುಮ್ಮನೆ ರಾಶಿ ಹಾಕುವ ಬದಲು ಆಗಾಗ ಮಗುಚುತ್ತಿದ್ದರೆ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಶಾಖಕ್ಕೆ ಜಂತುಹುಳದ ಮೊಟ್ಟೆ, ನೊಣದ ಮರಿಹುಳ, ಬಹಳಷ್ಟು ರೋಗಾಣುಗಳು ಸಾಯುತ್ತವೆ. ಹಾಗೆ ಹದವಾದ ಗೊಬ್ಬರವನ್ನು ಹೊಲಕ್ಕೆ ಹಾಕಬಹುದು. ಹಸಿ ಲದ್ದಿಯನ್ನು ಮಾತ್ರ ಕುದುರೆ ಮೇಯುವ ಹುಲ್ಲುಗಾವಲಿಗೆ ಹರಡಬೇಡಿ.